ದಾವಣಗೆರೆಯಲ್ಲಿ ಸಿಗುವ ಕಡಿಮೆ ಬೆಲೆಯ ವೈನ್‌ಗಳನ್ನು ಮನೆಯಲ್ಲೇ ಹೋಲಿಸಿ ಅಂಕ ಕೊಡುವುದು ಹೇಗೆ?

ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿ. ಬೆಲೆ ಗೊತ್ತಿದ್ದರೆ ನಾಲಿಗೆ ಆ ಕಡೆಗೇ ವಾಲುತ್ತದೆ. ಒಂದು ಸಲಕ್ಕೆ ಐದು ಸಾಕು, ತಲಾ 30 ಮಿ.ಲೀ. ಮೊದಲು ಬಿಳಿ, ಆಮೇಲೆ ಕೆಂಪು, ಸಿಹಿ ಪೋರ್ಟ್ ವೈನ್ ಕೊನೆಗೆ. ಸಿಹಿ ಮೊದಲಾದರೆ ಮುಂದಿನದೆಲ್ಲ ಹುಳಿ ಅನ್ನಿಸುತ್ತದೆ.

ಹೆಚ್ಚು ಎಡವಟ್ಟಾಗುವುದು ಬಿಸಿಯಿಂದ. ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿರಲಿ ಅನ್ನುವ ಮಾತು ನಮ್ಮೂರ ಏಪ್ರಿಲ್‌ಗೆ ನಡೆಯಲ್ಲ. ಆಲ್ಕೋಹಾಲ್ ಘಾಟೇ ಮೂಗಿಗೆ ಹೊಡೆಯುತ್ತದೆ. ಫ್ರಿಜ್‌ನಲ್ಲಿ ಒಂದೂವರೆ ಗಂಟೆ ಇಟ್ಟು 16–18 ಡಿಗ್ರಿಗೆ ತನ್ನಿ. ಬಿಳಿಗೆ 8–10.

20ಕ್ಕೆ ಅಂಕ: ಬಣ್ಣ 2, ವಾಸನೆ 6, ರುಚಿ 8, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದಕ್ಕೆ 4. ಒದ್ದೆ ರಟ್ಟಿನ ಅಥವಾ ವಿನೆಗರ್ ವಾಸನೆ ಬಂದರೆ ಬಾಟಲಿ ಕೆಟ್ಟಿದೆ, ಅಂಕ ಕೊಡಬೇಡಿ. ನಡುನಡುವೆ ಸಪ್ಪೆ ಮಂಡಕ್ಕಿ, ನೀರು ಮಾತ್ರ. ಮಿರ್ಚಿ ಅಂಕ ಬರೆದಾದ ಮೇಲೆ.