ಆಮ್ಲಜನಕ ಅನ್ನೋ ಪದವನ್ನು ಒಮ್ಮೆ ಒಡೆದು ನೋಡಿ

ನಮಸ್ಕಾರ.

ಆಕ್ಸಿಜನ್ ಪದದ ಗ್ರೀಕ್ ಮೂಲದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ಒಳ್ಳೆಯ ವಿಷಯ ಹಿಡಿದಿದ್ದೀರಿ.

ಮೊದಲ ಎರಡು ಪುಟ ಗ್ರೀಕ್ ನಾಗರಿಕತೆಯ ಹೊಗಳಿಕೆಗೇ ಹೋಗಿದೆ. ಅದನ್ನು ಓದಿದವರಿಗೆ ಈ ಹೆಸರು ಗ್ರೀಕರೇ ಇಟ್ಟದ್ದು ಅನ್ನಿಸುತ್ತದೆ. ಅವರಿಗೆ ಈ ಅನಿಲವೇ ಗೊತ್ತಿರಲಿಲ್ಲ. 1777ರಲ್ಲಿ ಆ ಭಾಷೆಯ ಎರಡು ತುಂಡು ಜೋಡಿಸಿ ಹೆಸರು ಕಟ್ಟಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ.

ಆ ತುಂಡುಗಳನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಕತೆ ಇರುವುದೇ ಅಲ್ಲಿ! ‘ಆಕ್ಸಿಸ್’ ಅಂದರೆ ಚೂಪು, ಹರಿತ. ಹುಳಿಗೂ ಅದೇ ಮಾತು. ಎಳೆ ಹುಣಸೆಕಾಯಿ ಕಚ್ಚಿದಾಗ ಹಲ್ಲು ಜುಮ್ ಅನ್ನುತ್ತದಲ್ವಾ, ಅದೇ. ಇನ್ನು ‘ಜೆನೆಸ್’. ಗ್ರೀಕ್ ಹೆಸರುಗಳ ಕೊನೆಯಲ್ಲಿ ಬಂದಾಗ ಅದಕ್ಕೆ ‘ಹುಟ್ಟಿದವನು’ ಎಂಬ ಅರ್ಥ. ಡಯೋಜಿನಿಸ್ ಅಂದರೆ ಜ್ಯೂಸ್ ದೇವರಿಂದ ಹುಟ್ಟಿದವನು. ಹಾಗೆ ನೋಡಿದರೆ ಆಕ್ಸಿಜನ್ ಅಂದರೆ ಹುಳಿಯಿಂದ ಹುಟ್ಟಿದ್ದು ಎಂದಾಗಬೇಕು. ಲವಾಸಿಯೆ ಹೇಳಹೊರಟದ್ದು ಅದಕ್ಕೆ ಉಲ್ಟಾ, ಹುಳಿಯನ್ನು ಹುಟ್ಟಿಸುವುದು ಎಂದು.

ಯಾಕೆ ಹಾಗಂದರು? ಅದನ್ನೂ ನೀವು ಬರೆದಿಲ್ಲ. ಗಂಧಕ, ರಂಜಕ ಉರಿಸಿ, ಬಂದದ್ದನ್ನು ನೀರಿಗೆ ಸೇರಿಸಿದರೆ ನೀರು ಹುಳಿಯಾಗುತ್ತಿತ್ತು. ಎಲ್ಲ ಆಮ್ಲದಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂದು ಅವರು ನಂಬಿದರು. ಅದು ತಪ್ಪು. ಟಾಯ್ಲೆಟ್ ತೊಳೆಯಲು ತರುವ ಹೈಡ್ರೋಕ್ಲೋರಿಕ್ ಆಸಿಡ್ ತಗೊಳ್ಳಿ. ಅದಕ್ಕೆ ಬೆರೆಸಿದ ನೀರನ್ನು ಬಿಟ್ಟರೆ, ಇರುವುದು ಹೈಡ್ರೋಜನ್, ಕ್ಲೋರಿನ್ ಮಾತ್ರ. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಇದನ್ನು ತೋರಿಸಿಕೊಟ್ಟರು. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು.

ನಮ್ಮಲ್ಲಿಗೂ ಬಂತು. ಲೇಖನದ ಉದ್ದಕ್ಕೂ ‘ಆಮ್ಲಜನಕ’ ಎಂದು ಬರೆದಿದ್ದೀರಿ, ಒಂದು ಸಲವೂ ಅದನ್ನು ಒಡೆದು ನೋಡಿಲ್ಲ. ಆಮ್ಲಕ್ಕೆ ಜನಕ! ಲವಾಸಿಯೆಯ ತಪ್ಪು ಹಾಗೇ ಕನ್ನಡಕ್ಕೆ ಇಳಿದಿದೆ. ಶಾಲೆಯಲ್ಲಿ ಈ ಪದ ಬಾಯಿಪಾಠ ಮಾಡಿದ ನಮ್ಮ ಓದುಗರಿಗೆ ನೀವು ಹೇಳಬೇಕಾದ್ದು ಇದು. ಅದೇ ‘ಆಕ್ಸಿಸ್’ನಿಂದ ಬಂದ ಬೇರೆ ಪದಗಳೆಂದು ಆಕ್ಸಿಮೊರಾನ್, ಆಕ್ಸಿಟೋಸಿನ್ ಅಂತ ಕೊನೆಯಲ್ಲಿ ಕೊಟ್ಟ ಪಟ್ಟಿ ತೆಗೆದುಬಿಡಿ.

ಒಂದು ಪ್ಯಾರಾ ನನಗೆ ತುಂಬಾ ಹಿಡಿಸಿತು. 1774ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಪ್ರೀಸ್ಟ್ಲಿ ಭೂತಗನ್ನಡಿಯಲ್ಲಿ ಬಿಸಿಲು ಹಾಯಿಸಿ ಪಾದರಸದ ಕೆಂಪು ಪುಡಿಯನ್ನು ಕಾಯಿಸಿದ್ದು, ಹೊರಬಂದ ಇದೇ ಅನಿಲದಲ್ಲಿ ಮೇಣದಬತ್ತಿ ಭಗ್ಗನೆ ಉರಿದದ್ದು. ಅದನ್ನು ನಾಲ್ಕನೇ ಪುಟದಲ್ಲಿ ಯಾಕೆ ಬಚ್ಚಿಟ್ಟಿರಿ? ಅಲ್ಲಿಂದಲೇ ಶುರು ಮಾಡಿ. ಐದು ಪುಟ ಜಾಸ್ತಿಯಾಯಿತು, ಎರಡು ಸಾಕು.