ಹಿಮ ಬಿದ್ದು ವಿಮಾನ ರದ್ದಾದರೆ ಟಿಕೆಟ್ ದುಡ್ಡು ಬೇಗ ವಾಪಸ್ ಪಡೆಯುವುದು ಹೇಗೆ?

ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ಆಯಿತು, ಅರ್ಧ ನಿಮಿಷದ ಕೆಲಸ. ನಾನೂ ಒತ್ತಿದ್ದೆ. ಈಗಲೂ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

2023ರ ಡಿಸೆಂಬರ್ 2, ಶನಿವಾರ, ಮ್ಯೂನಿಕ್. ಬೆಳಗಿನ ವಿಮಾನ ಅಂತ ಹಿಂದಿನ ರಾತ್ರಿಯೇ ಬಂದು ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಎದ್ದು ನೋಡಿದರೆ ಗಾಜಿನಾಚೆ ಎಲ್ಲ ಬಿಳಿ. ನಗರದಲ್ಲಿ 40 ಸೆಂಟಿಮೀಟರಿಗೂ ಜಾಸ್ತಿ ಹಿಮ ಬಿದ್ದಿತ್ತು. ಮಧ್ಯಾಹ್ನದವರೆಗೆ ವಿಮಾನ ಇಲ್ಲ ಅಂದರು. ಆಮೇಲೆ ಭಾನುವಾರ ಬೆಳಿಗ್ಗೆ 6ರವರೆಗೆ ಇಲ್ಲ ಅಂದರು.

ಅಷ್ಟರಲ್ಲಿ ಫೋನಿಗೆ ಮೆಸೇಜ್ ಬಂತು. ಕೆಳಗೆ ಎರಡು ಬಟನ್: ಬೇರೆ ವಿಮಾನ ಬೇಕಾ, ದುಡ್ಡು ವಾಪಸ್ ಬೇಕಾ. ನನ್ನ ಲೆಕ್ಕ ಹೀಗಿತ್ತು: ದುಡ್ಡು ತೆಗೆದುಕೊಂಡು, ರೈಲು ಹಿಡಿದು ಫ್ರಾಂಕ್‌ಫರ್ಟ್‌ಗೆ ಹೋಗಿ ಅಲ್ಲಿಂದ ಹಾರಿಬಿಡೋಣ. ಭಾರೀ ಜಾಣತನ! ಒತ್ತಿಬಿಟ್ಟೆ. ಆಮೇಲೆ ರೈಲು ಹುಡುಕಿದೆ. ಮ್ಯೂನಿಕ್‌ನ ಮುಖ್ಯ ನಿಲ್ದಾಣದಲ್ಲಿ ರೈಲುಗಳೂ ನಿಂತಿದ್ದವು. ಮೊದಲು ರೈಲು ನೋಡಿ ಆಮೇಲೆ ಬಟನ್ ಒತ್ತಬೇಕು ಅನ್ನುವಷ್ಟು ಬುದ್ಧಿ ಓಡಲಿಲ್ಲ.

ಕೌಂಟರ್ ಮುಂದೆ ಗಂಟೆಗಟ್ಟಲೆ ನಿಂತು ಹೋಟೆಲ್ ಕೇಳಿದೆ. ಆಕೆ ಸ್ಕ್ರೀನ್ ನೋಡಿ, 'ನಿಮ್ಮ ಟಿಕೆಟ್ ಮುಗಿದಿದೆಯಲ್ಲ' ಅಂದರು. ಅವರದ್ದು ತಪ್ಪಿಲ್ಲ. ಯುರೋಪಿಯನ್ ಒಕ್ಕೂಟದ 261/2004 ನಿಯಮದ ಪ್ರಕಾರ, ಅಲ್ಲಿಂದ ಹೊರಡುವ ವಿಮಾನ ರದ್ದಾದರೆ ಯಾವ ದೇಶದ ಕಂಪನಿಯಾದರೂ ಬೇರೆ ವಿಮಾನ ಕೊಡಬೇಕು, ಅಲ್ಲಿಯವರೆಗೆ ಊಟ, ಹೋಟೆಲ್ ನೋಡಿಕೊಳ್ಳಬೇಕು. ಹಿಮ ಅವರ ಕೈಯಲ್ಲಿಲ್ಲದ ಕಾರಣ ಪರಿಹಾರದ ಹಣ ಸಿಗುವುದಿಲ್ಲ ಅಷ್ಟೇ. ಆದರೆ ಟಿಕೆಟ್ ದುಡ್ಡು ವಾಪಸ್ ಬೇಕು ಅಂದ ಕ್ಷಣ ಇದೆಲ್ಲ ಮುಗಿಯಿತು. ಆಮೇಲೆ ನೀವು ಪ್ರಯಾಣಿಕರೇ ಅಲ್ಲ, ಸುಮ್ನೆ ವಿಮಾನ ನಿಲ್ದಾಣದಲ್ಲಿ ಕೂತಿರುವ ಒಬ್ಬ ಮನುಷ್ಯ. ನನ್ನ ಹಿಂದೆ ನಿಂತಿದ್ದವರು ಬೇರೆ ವಿಮಾನದ ಬಟನ್ ಒತ್ತಿದ್ದರು. ಹೋಟೆಲ್ ಚೀಟಿ ಹಿಡಿದುಕೊಂಡು ಹೋದರು.

ಹಾಗಾಗಿ ದುಡ್ಡಿನ ಪ್ರಶ್ನೆ ಬಿಡಿ. ಆ ಹೊತ್ತಿನಲ್ಲಿ ಸಿಗದೇ ಇರುವುದು ಸೀಟು. ರನ್‌ವೇ ಗುಡಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ, ಹಾಗಲ್ಲ. ರೆಕ್ಕೆ ಮೇಲಿನ ಮಂಜುಗಡ್ಡೆಗೆ ಗ್ಲೈಕಾಲ್ ಬೆರೆತ ದ್ರವ ಸಿಂಪಡಿಸಬೇಕು. ಹಿಮ ಬೀಳುತ್ತಲೇ ಇದ್ದರೆ ಅದರ ಪ್ರಭಾವ ಸ್ವಲ್ಪ ಹೊತ್ತಷ್ಟೇ. ಅಷ್ಟರಲ್ಲಿ ಮೇಲೇರದಿದ್ದರೆ ಮತ್ತೆ ಸಿಂಪಡಿಸಬೇಕು. ಕಾಯುತ್ತಾ ಕಾಯುತ್ತಾ ಪೈಲಟ್‌ಗಳ ಡ್ಯೂಟಿ ಸಮಯವೇ ಮುಗಿದುಹೋಗುತ್ತದೆ. ಒಂದು ದಿನದ ಹಿಮಕ್ಕೆ ನಾಲ್ಕು ದಿನದ ಸೀಟು ತುಂಬಿಹೋಗುತ್ತದೆ. ನನಗೆ ಸಿಕ್ಕಿದ್ದು ಮಂಗಳವಾರ ಬೆಳಿಗ್ಗೆಯ ವಿಮಾನ, ಹಳೆಯ ಟಿಕೆಟ್ಟಿನ ಮೂರರಷ್ಟು ಬೆಲೆಗೆ.

ಮಂಗಳವಾರ ಏನಾಯಿತು ಗೊತ್ತಾ? ಬಿದ್ದ ಕೂಡಲೇ ಹೆಪ್ಪುಗಟ್ಟುವ ಮಳೆ ಶುರುವಾಗಿ ನಿಲ್ದಾಣವನ್ನು ಮಧ್ಯಾಹ್ನದವರೆಗೆ ಮತ್ತೆ ಮುಚ್ಚಿದರು. ಅದೇ ಎರಡು ಬಟನ್ ಬಂದವು. ಈ ಸಲ ಬೇರೆ ವಿಮಾನ ಅಂತ ಒತ್ತಿ, ಹೋಟೆಲ್ ಚೀಟಿ ತೆಗೆದುಕೊಂಡು ಮಲಗಿದೆ.

ನಿಮ್ಮ ಹತ್ತಿರ ಷೆಂಗೆನ್ ವೀಸಾ (ಯುರೋಪಿನ ಬಹುತೇಕ ದೇಶಗಳಿಗೆ ನಡೆಯುವ ಒಂದೇ ವೀಸಾ) ಇಲ್ಲದಿದ್ದರೆ, ಬರೀ ವಿಮಾನ ಬದಲಿಸಲು ಇಳಿದಿದ್ದರೆ, ಹೋಟೆಲ್ ಕೊಟ್ಟರೂ ಸಾಮಾನ್ಯವಾಗಿ ಹೊರಗೆ ಹೋಗಲು ಬಿಡುವುದಿಲ್ಲ. ಒಳಗೇ ಮಲಗಬೇಕು. ಮಾತ್ರೆ, ಚಾರ್ಜರ್, ಒಂದು ದಪ್ಪ ಬಟ್ಟೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಕೊಟ್ಟ ಲಗೇಜು ಅವತ್ತು ವಾಪಸ್ ಸಿಗುತ್ತದೆ ಅಂತ ನಂಬಬೇಡಿ.

ಬುಧವಾರ ಹೊರಟೆ. ಮೊದಲ ಟಿಕೆಟ್ಟಿನ ದುಡ್ಡು ಎರಡೇ ವಾರಕ್ಕೆ ಪೂರ್ತಿ ಬಂತು. ಬೇಗನೇ ಬಂತು, ಅದರಲ್ಲಿ ದೂರಿಲ್ಲ.