ಸಸ್ಯಾಹಾರಿ ಅಮ್ಮನನ್ನು ಭಾನುವಾರದ ಊಟಕ್ಕೆ ಇಂಗ್ಲೆಂಡಿನ ಗ್ಯಾಸ್ಟ್ರೋಪಬ್‌ಗೆ ಕರೆದುಕೊಂಡು ಹೋಗಬಹುದೇ?

ಧಾರಾಳವಾಗಿ ಕರೆದುಕೊಂಡು ಹೋಗಿ. ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನೂ ಪುಟ್ಟ ಮಗಳನ್ನೂ ಪಬ್‌ಗೆ ಕರೆದೊಯ್ಯುವುದು ಸರಿಯೇ, ಹುರಿದ ಮಾಂಸ, ಆಲೂಗಡ್ಡೆ, ಗ್ರೇವಿಯ ‘ಸಂಡೇ ರೋಸ್ಟ್’ ಎಂಬ, ಮಾಂಸಕ್ಕೇ ಹೆಸರಾದ ಊಟದಲ್ಲಿ ಅಮ್ಮನಿಗೆ ಏನು ಸಿಕ್ಕೀತು ಎಂದು ಕೇಳಿದ್ದೀರಿ. ನಾನು ಯಾರ್ಕ್‌ಷೈರ್‌ನಲ್ಲಿ ನೆಲೆಸಿ ಬಹಳ ಕಾಲವಾಯಿತು. ಊರಿನಿಂದ ಬಂದ ನೆಂಟರನ್ನೆಲ್ಲ ಇಂಥ ಊಟಕ್ಕೆ ಕರೆದೊಯ್ಯುವುದು ನಮ್ಮ ಮನೆಯ ಪದ್ಧತಿಯೇ ಆಗಿದೆ.

ಮೊದಲನೆಯ ಆತಂಕ ಬಿಟ್ಟುಬಿಡಿ. ಭಾನುವಾರ ಮಧ್ಯಾಹ್ನ ಅಲ್ಲಿ ನಿಮಗೆ ಕಾಣುವುದು ಅಜ್ಜ ಅಜ್ಜಿಯರು, ಮೊಮ್ಮಕ್ಕಳು, ಮೇಜಿನ ಕೆಳಗೆ ಮಲಗಿದ ನಾಯಿಗಳು. ಏನೂ ಕುಡಿಯದಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ; ಕೇಳಿದವರಿಗೆ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕೆಂಬ ನಿಯಮವೇ ಇದೆ. ಗ್ಯಾಸ್ಟ್ರೋಪಬ್ ಎನ್ನುವ, ಅಡುಗೆಗೇ ಹೆಸರಾದ ಈ ಬಗೆಯ ಪಬ್‌ಗಳು ತೀರಾ ಹಳೆಯವೂ ಅಲ್ಲ. ದೊಡ್ಡ ಬಿಯರ್ ಕಂಪನಿಗಳು ಇಟ್ಟುಕೊಳ್ಳಬಹುದಾದ ಪಬ್‌ಗಳ ಸಂಖ್ಯೆಗೆ 1989ರಲ್ಲಿ ಸರ್ಕಾರ ಕಡಿವಾಣ ಹಾಕಿತು. ಅವು ಕೈಬಿಟ್ಟ ಕಟ್ಟಡಗಳು ರೆಸ್ಟೋರೆಂಟ್ ತೆರೆಯುವಷ್ಟು ಹಣವಿಲ್ಲದವರ ಕೈಗೂ ಎಟುಕಿದವು. 1991ರಲ್ಲಿ ಲಂಡನ್ನಿನ ಫಾರಿಂಗ್‌ಡನ್ ರಸ್ತೆಯಲ್ಲಿ ಮೈಕಲ್ ಬೆಲ್ಬೆನ್ ಮತ್ತು ಡೇವಿಡ್ ಐರ್ ನಡೆಸತೊಡಗಿದ ‘ದಿ ಈಗಲ್’ ಇವುಗಳಲ್ಲಿ ಮೊದಲನೆಯದು ಎನ್ನುತ್ತಾರೆ. ಆಯಾ ದಿನದ ಅಡುಗೆಯನ್ನು ಕರಿಹಲಗೆಯ ಮೇಲೆ ಬರೆಯುವ ರೂಢಿ ಇಂದಿಗೂ ಹಲವು ಕಡೆ ಇದೆ. ನೀವು ಹುಡುಕಬೇಕಾದದ್ದು ಆ ಹಲಗೆಯನ್ನೇ.

ಅಮ್ಮನ ವಿಷಯದಲ್ಲಿ ಮಾತ್ರ ನಿಜಕ್ಕೂ ಎಚ್ಚರ ಬೇಕು. ಅಪಾಯವಿರುವುದು ಕಣ್ಣಿಗೆ ಕಾಣುವ ಮಾಂಸದಲ್ಲಲ್ಲ, ಕಾಣದ ಕೊಬ್ಬಿನಲ್ಲಿ. ಹೊರಗೆ ಗರಿಗರಿಯಾಗಿ ಒಳಗೆ ಹಿಟ್ಟುಹಿಟ್ಟಾಗಿರುವ ಆ ಹೊಂಬಣ್ಣದ ಆಲೂಗಡ್ಡೆಯನ್ನು ದನದ ಇಲ್ಲವೇ ಹೆಬ್ಬಾತಿನ ಕೊಬ್ಬಿನಲ್ಲಿ ಹುರಿದಿರಬಹುದು. ಯಾರ್ಕ್‌ಷೈರ್ ಪುಡಿಂಗ್ ಅಂತೂ ಮೊಟ್ಟೆ, ಹಾಲು, ಮೈದಾ ಕಲಸಿದ ತೆಳು ಹಿಟ್ಟನ್ನು ಹೊಗೆಯಾಡುವಷ್ಟು ಕಾದ ಕೊಬ್ಬಿಗೆ ಹುಯ್ದು ಬೇಯಿಸುವಂಥದ್ದು. ಅಂಚು ಹಾಗೆ ಎದ್ದು ನಿಲ್ಲುವುದು ಆ ಕಾವಿನಿಂದಲೇ. ಎಣ್ಣೆಯಲ್ಲಿ ಮಾಡಿದರೂ ಅದರಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಗ್ರೇವಿ ಮಾಂಸದ ರಸದ್ದು. ಅಪ್ಪ ಕುರಿ, ಕೋಳಿ ತಿಂದರೂ ದನದ ಮಾಂಸ ಮುಟ್ಟುವುದಿಲ್ಲ ಎಂದಿದ್ದೀರಿ. ಅವರ ತಟ್ಟೆಯ ಆಲೂಗಡ್ಡೆಗೂ ಗ್ರೇವಿಗೂ ಇದೇ ಪ್ರಶ್ನೆ ಕೇಳಲೇಬೇಕು. ಸ್ಥಳ ಕಾದಿರಿಸುವಾಗಲೇ, ಭಾನುವಾರಕ್ಕೆ ಮೊದಲೇ, ಫೋನ್ ಮಾಡಿ ಕೇಳಿ. ತುಂಬಿದ ಭಾನುವಾರದ ನಡುವೆ ಅಡುಗೆಮನೆಯವರಿಗೆ ಬೇರೆ ಬಾಣಲೆ ಇಡಲು ಪುರುಸೊತ್ತಿರುವುದಿಲ್ಲ.

ನನ್ನ ಮಟ್ಟಿಗೆ ಒಳ್ಳೆಯ ಜಾಗದ ಗುರುತು ಒಂದೇ: ಆ ವಾರ ಸುತ್ತಲಿನ ಹೊಲಗಳಲ್ಲಿ ಏನು ಬೆಳೆದಿದೆಯೋ ಅದು ಸಸ್ಯಾಹಾರಿಯ ತಟ್ಟೆಯಲ್ಲೂ ಇರಬೇಕು. ವರ್ಷವಿಡೀ ಅದೇ ಅಣಬೆ ರಿಸೊಟ್ಟೊ (ಇಟಲಿಯ ಅನ್ನದ ಅಡುಗೆ) ಕೊಡುವ ಕಡೆಗೆ ಅಮ್ಮನನ್ನು ಕರೆದೊಯ್ಯಬೇಡಿ. ಅದರಲ್ಲಿ ಹಾಕುವ ಪಾರ್ಮೆಸಾನ್ ಚೀಸ್ ಕೂಡ ಕರುವಿನ ಜಠರದಿಂದ ತೆಗೆದ, ಹಾಲನ್ನು ಗಟ್ಟಿಮಾಡುವ ರೆನೆಟ್‌ನಿಂದ ಮಾಡಿದ್ದು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಇಲ್ಲಿನ ಶತಾವರಿ ಚಿಗುರು (ಆಸ್ಪ್ಯಾರಗಸ್) ಬರುತ್ತದೆ. ಬೆಣ್ಣೆ, ಉಪ್ಪು ಬಿಟ್ಟರೆ ಅದಕ್ಕೆ ಬೇರೇನೂ ಬೇಡ. ವಸಂತದಲ್ಲಿ ಕಾಡುಬೆಳ್ಳುಳ್ಳಿಯ ಸೊಪ್ಪನ್ನು ಎಲ್ಲದಕ್ಕೂ ಹಾಕುತ್ತಾರೆ, ಅಮ್ಮ ಬೆಳ್ಳುಳ್ಳಿ ತಿನ್ನದವರಾದರೆ ಹೇಳಿಬಿಡಿ. ಚಳಿಗಾಲ ನನಗೆ ಎಲ್ಲಕ್ಕಿಂತ ಇಷ್ಟ. ಹಿಮ ಬಿದ್ದ ಮೇಲೆ ಕ್ಯಾರೆಟ್‌ನಂತೆ ಕಾಣುವ, ತಿಳಿಬಣ್ಣದ ಪಾರ್ಸ್‌ನಿಪ್ ಗೆಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ. ಒಲೆಯಲ್ಲಿ ಹುರಿದಾಗ ಅದರ ಸಪೂರ ತುದಿ ಕಂದಿ, ಅಂಟಂಟಾಗಿ, ಜಗಿದರೆ ಬೆಲ್ಲದ ಪಾಕದ ರುಚಿ ಕೊಡುತ್ತದೆ. ಸಾಗರದಿಂದ ಬಂದಿದ್ದ ನಮ್ಮ ಅತ್ತೆ, ಪರದೇಶದ ತರಕಾರಿಗೆ ರುಚಿಯೇ ಇಲ್ಲ ಎನ್ನುತ್ತಿದ್ದವರು, ನನ್ನ ತಟ್ಟೆಯಲ್ಲಿದ್ದುದನ್ನೂ ಎತ್ತಿಕೊಂಡರು. ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮಧ್ಯಾಹ್ನ ಹನ್ನೆರಡೂವರೆ, ಒಂದು ಗಂಟೆಗೇ ಹೋಗಿ. ತಡವಾದರೆ ಅಡುಗೆ ಮುಗಿದುಹೋಗುತ್ತದೆ. ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುವ ಇಲ್ಲಿನ ತಾಯಂದಿರ ಭಾನುವಾರವನ್ನು ತಪ್ಪಿಸಿ, ಆ ದಿನ ಕಾಲಿಡಲು ಜಾಗವಿರುವುದಿಲ್ಲ. ಬಿಲ್‌ನಲ್ಲಿ ಸೇವಾಶುಲ್ಕ ಸೇರಿದೆಯೇ ನೋಡಿ. ಸೇರಿದ್ದರೆ ಮತ್ತೆ ಟಿಪ್ಸ್ ಕೊಡಬೇಕಿಲ್ಲ.

ಕೊನೆಯಲ್ಲಿ ಸಿಹಿ ಬಿಡಬೇಡಿ. ಜನವರಿಯಿಂದ ಮಾರ್ಚ್‌ವರೆಗೆ ಬಂದರೆ ರೂಬಾರ್ಬ್ ಎಂಬ ಹುಳಿ ದಂಟಿನ ಮೇಲೆ ಬೆಣ್ಣೆ, ಹಿಟ್ಟಿನ ಪುಡಿ ಉದುರಿಸಿ ಬೇಯಿಸಿದ ರೂಬಾರ್ಬ್ ಕ್ರಂಬಲ್ ಕೇಳಿ. ನಮ್ಮ ಯಾರ್ಕ್‌ಷೈರ್‌ನ ವೇಕ್‌ಫೀಲ್ಡ್ ಸುತ್ತಲಿನ ಕತ್ತಲೆಯ ಕೊಟ್ಟಿಗೆಗಳಲ್ಲಿ ಬೆಳೆದು, ಮೋಂಬತ್ತಿಯ ಬೆಳಕಿನಲ್ಲಿ ಕೊಯ್ಯುವ ಗುಲಾಬಿ ಬಣ್ಣದ ಎಳೆಯ ದಂಟು ಈ ರೂಬಾರ್ಬ್. ಬಿಸಿಲು ತಾಗಿದರೆ ನಾರು ಬಲಿಯುತ್ತದೆ. ಹುಳಿ ಇಷ್ಟಪಡುವ ನಮ್ಮ ನಾಲಿಗೆಗೆ ಹೇಳಿ ಮಾಡಿಸಿದ್ದು. ಜೊತೆಗೆ ಕೊಡುವ ಕಸ್ಟರ್ಡ್ ಅನ್ನು ಇಂಥ ಕಡೆ ಮೊಟ್ಟೆಯ ಹಳದಿಯಿಂದ ಮಾಡುತ್ತಾರೆ, ಆದ್ದರಿಂದ ಅಮ್ಮನಿಗೆ ಕ್ರೀಮ್ ಹಾಕಿಸಿ.